ಕಲ್ಲುಗುಡ್ಡಗಳ ಸೀಮೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್

ರಾಯದುರ್ಗದ ಬೆಟ್ಟವನ್ನು ಮೊದಲ ಬಾರಿಗೆ ನೋಡುವ ಪ್ರವಾಸಿಗೆ ಅದು ಬೆಟ್ಟವೆನಿಸುವುದಕ್ಕಿಂತ ಹೆಚ್ಚಾಗಿ ಯಾರೋ ಒಟ್ಟಿ ಹೋದ ಬಂಡೆಗಳ ರಾಶಿಯೆನಿಸುತ್ತದೆ. ಒಂದರ ಮೇಲೊಂದು ಕುಳಿತ ಗುಂಡುಗಳು, ಅವುಗಳ ನಡುವೆ ಕೋಟೆಗೋಡೆ, ಗೋಡೆಯ ಸಂದಿನಲ್ಲಿ ಸೀತಾಫಲದ ಪೊದೆ, ಇನ್ನೂ ಮೇಲೆ ಸಿದ್ಧರ ಗವಿಗಳು. ಬಳ್ಳಾರಿಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಈ ಊರಿನಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯುದ್ದಕ್ಕೂ ಇದೇ ನೋಟ. ಪೂರ್ವಕ್ಕೆ ನಡೆದರೆ ನೋಟ ಬದಲಾಗುತ್ತದೆ. ಕಣೇಕಲ್ಲು, ಬೊಮ್ಮನಹಾಳಗಳ ಕಡೆ ಹಗರಿ ಎಂದು ಜನ ಕರೆಯುವ ವೇದಾವತಿ ನದಿಯ ದಂಡೆಯಲ್ಲಿ ಮರಳಿನ ದಿಬ್ಬಗಳಿವೆ. ಮುಂಗಾರಿನ ಗಾಳಿ ಒಣಗಿದ ಪಾತ್ರದ ಮರಳನ್ನೆತ್ತಿ ಪೂರ್ವದ ಹೊಲಗಳ ಮೇಲೆ ಸುರಿಯುತ್ತದೆ. ಸಮುದ್ರದಿಂದ ಇಷ್ಟು ದೂರದಲ್ಲಿ ರಾಜಸ್ಥಾನವನ್ನು ನೆನಪಿಸುವ ದಿಬ್ಬಗಳನ್ನು ಕಂಡು ಪ್ರವಾಸಿಗರು ಬೆರಗಾಗುತ್ತಾರೆ. ಅಲ್ಲಿಯ ರೈತನಿಗೆ ಅದು ಬೆರಗಲ್ಲ, ಹೊಲ ಮುಚ್ಚಿಹೋಗುವ ಸಂಕಟ.

ಈ ಕಲ್ಲು, ಈ ಮರಳು, ಈ ಕುರುಚಲು ಕಾಡುಗಳ ಸೀಮೆಗೆ ಶಾಸನಗಳಿಗಿಂತ, ಕಾವ್ಯಗಳಿಗಿಂತ, ಭಾಷೆಗಳಿಗಿಂತಲೂ ಹಿಂದಿನ ಒಂದು ಚರಿತ್ರೆಯಿದೆಯೆಂದು ಮೊದಲು ಕ್ರಮವಾಗಿ ತೋರಿಸಿಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಪ್ರಾಗಿತಿಹಾಸದ ಜನಕರೆಂಬ ಬಿರುದಿನೊಡನೆ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಸೀಮಿತರಾಗಿರುವ ಅವರ ಜೀವನವನ್ನು, ವಿಶೇಷವಾಗಿ ಅವರು ಬಳ್ಳಾರಿ ಸೀಮೆಯಲ್ಲಿ ಕಳೆದ ವರ್ಷಗಳನ್ನು, ಸ್ವಲ್ಪ ವಿಸ್ತಾರವಾಗಿ ತಿಳಿಯುವುದು ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಅಪ್ರಸ್ತುತವಲ್ಲ. ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ಹಲ್ಮಿಡಿಯಿಂದ ಆರಂಭಿಸುವ ನಮ್ಮ ಅಭ್ಯಾಸಕ್ಕೆ ಹಿಂದೆ ಒಂದು ದೀರ್ಘವಾದ ಮುನ್ನುಡಿಯಿದೆಯೆಂಬುದು ಆಗ ಮನವರಿಕೆಯಾಗುತ್ತದೆ.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥರಾಗಿದ್ದ ಕಾಲವದು. ಸಿಪಾಯಿ ದಂಗೆಯ ಹೊಗೆ ಇನ್ನೂ ಆರಿರಲಿಲ್ಲ. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂದಿತ್ತು. ಹೊಸ ಸರ್ಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು, ಕಬ್ಬಿಣ, ಚಿನ್ನ. ಅವೆಲ್ಲಿವೆಯೆಂದು ಹುಡುಕಿ ನಕಾಶೆಯ ಮೇಲೆ ಗುರುತಿಸುವುದೇ ಆ ಇಲಾಖೆಯ ಕೆಲಸ. ಫೂಟ್ ಅವರನ್ನು ಮದ್ರಾಸ್ ಪ್ರಾಂತಕ್ಕೆ ನಿಯೋಜಿಸಲಾಯಿತು. ಅಲ್ಲಿ ಅವರು ಪೀಟರ್ ಪರ್ಸಿವಲ್ ಎಂಬ ಪಾದ್ರಿ ವಿದ್ವಾಂಸರ ಅಳಿಯರಾದರು. ಈ ಪರ್ಸಿವಲ್ ಅವರು ಯಾಳ್ಪಾಣದಲ್ಲಿ ಆರುಮುಗ ನಾವಲರ ನೆರವಿನಿಂದ ಬೈಬಲ್ಲನ್ನು ತಮಿಳಿಗೆ ತಂದವರು. ಕಲ್ಲು ಓದುವ ಅಳಿಯ, ನುಡಿ ಓದುವ ಮಾವ.

1863ರ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರದಲ್ಲಿ, ದಂಡಿನ ಕವಾಯತು ಮೈದಾನದ ಬಳಿ ಜಲ್ಲಿಗಾಗಿ ತೋಡಿದ್ದ ಒಂದು ಗುಂಡಿಯಲ್ಲಿ ಫೂಟ್ ಅವರಿಗೆ ಒಂದು ಕಲ್ಲು ಸಿಕ್ಕಿತು. ಬೆಣಚುಶಿಲೆಯ ಆ ತುಂಡನ್ನು ಯಾರೋ ಎರಡೂ ಮಗ್ಗುಲುಗಳಿಂದ ಚಕ್ಕೆಯೆಬ್ಬಿಸಿ ಮೊನೆ ಮಾಡಿದ್ದರು. ನೀರು ಉರುಳಿಸಿದ ಕಲ್ಲಿಗೆ ಅಂಥ ಆಕಾರ ಬರಲಾರದು. ಕೇವಲ ನಾಲ್ಕು ವರ್ಷಗಳ ಹಿಂದೆ, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ದೊರೆತ ಇಂಥವೇ ಕಲ್ಲುಗಳು ಮನುಷ್ಯನ ಕೈಕೆಲಸವೆಂದು ಯೂರೋಪಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ವಾರ್ತೆಯನ್ನು ಓದಿದ್ದ ಕಣ್ಣಿಗೆ ಮಾತ್ರ ಪಲ್ಲಾವರದ ಕಲ್ಲು ಕೊಡಲಿಯಾಗಿ ಕಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಕೊರ್ತಲೈಯಾರ್ ನದಿಯ ಬಯಲಿನ ಅತ್ತಿರಂಪಾಕ್ಕಂನಲ್ಲಿ ಇಂಥ ಉಪಕರಣಗಳ ದೊಡ್ಡ ನೆಲೆಯನ್ನೇ ಕಂಡರು. ಆ ನೆಲೆಯ ಅತಿ ಹಳೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು ನಮ್ಮ ಕಾಲದ ಕಾಲನಿರ್ಣಯ ವಿಧಾನಗಳು ಹೇಳಿವೆ. ಫೂಟ್ ಅವರಿಗೆ ಆ ಸಂಖ್ಯೆ ತಿಳಿದಿರಲಿಲ್ಲ. ಆದರೆ ಭಾರತದ ಮನುಷ್ಯ ಪುರಾಣಗಳ ಪರಿಗಣನೆಯಿಂದಲ್ಲ, ಭೂಮಿಯ ಪದರಗಳ ಪರಿಗಣನೆಯಿಂದ ಬಹು ಪ್ರಾಚೀನನೆಂಬುದು ಅವರಿಗೆ ಖಚಿತವಾಗಿತ್ತು. 1868ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಾಗಿತಿಹಾಸ ಸಮ್ಮೇಳನದಲ್ಲಿ ಈ ಸಂಗತಿಯನ್ನು ಅವರು ಮಂಡಿಸಿದರು.

ಅನಂತರ ಅವರ ಡೇರೆ ಕನ್ನಡ ನಾಡಿನತ್ತ ಸರಿಯಿತು. ಆಗಿನ ಸರ್ಕಾರಿ ಭಾಷೆಯಲ್ಲಿ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದುದು ವಾಸ್ತವವಾಗಿ ಬೆಳಗಾವಿ, ವಿಜಾಪುರ, ಧಾರವಾಡಗಳ ಕನ್ನಡದ ನೆಲವೇ. ದಂಡು ಮತ್ತು ದಫ್ತರಗಳು ಇಟ್ಟ ಹೆಸರು ಒಂದು, ಮನೆಯಲ್ಲಿ ಆಡುವ ನುಡಿ ಇನ್ನೊಂದು. ಗಡಿಸೀಮೆಗಳ ಪಾಡು ಯಾವಾಗಲೂ ಹೀಗೆಯೇ. ಘಟಪ್ರಭಾ, ಮಲಪ್ರಭಾ ನದಿಗಳ ಕಣಿವೆಗಳಲ್ಲಿ ಫೂಟ್ ಅವರು ಹಳೆ ಶಿಲಾಯುಗದ ಅನೇಕ ನೆಲೆಗಳನ್ನು ಗುರುತಿಸಿದರು. ಬಾದಾಮಿಯ ಸಮೀಪದ ಖ್ಯಾಡ ಅವುಗಳಲ್ಲಿ ಪ್ರಸಿದ್ಧವಾದುದು. ಆ ಸೀಮೆಯ ಭೂರಚನೆಯನ್ನು ಕುರಿತ ಅವರ ಬೃಹತ್ ವರದಿ 1876ರಲ್ಲಿ ಪ್ರಕಟವಾಯಿತು.

ವನ್ಯಜೀವಿಗಳಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೇ ಅವಧಿಯದು. ಗೋಕಾಕದ ಹತ್ತಿರದ ಚಿಕ್ಕಡೋಲಿಯಲ್ಲಿ, ಹಳ್ಳದ ದಂಡೆಯ ಮಣ್ಣಿನಲ್ಲಿ, ಒಂದು ಖಡ್ಗಮೃಗದ ಪಳೆಯುಳಿಕೆ ಅವರಿಗೆ ದೊರೆಯಿತು. 1874ರಲ್ಲಿ ಅದನ್ನು ಅವರು ದಖನ್ನಿನ ಹೆಸರಿಟ್ಟೇ ಹೊಸ ಪ್ರಭೇದವೆಂದು ವರ್ಣಿಸಿದರು. ಇಂದು ಖಡ್ಗಮೃಗವನ್ನು ನೋಡಬೇಕಾದರೆ ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಒಂದು ಕಾಲಕ್ಕೆ ಅದು ಘಟಪ್ರಭೆಯ ಬಯಲಿನಲ್ಲಿ ಮೇಯುತ್ತಿತ್ತೆಂದರೆ ಆ ಬಯಲಿನಲ್ಲಿ ಆಗ ಎಷ್ಟು ಹುಲ್ಲು, ಎಷ್ಟು ನೀರು ಇದ್ದಿರಬೇಕು! ಪ್ರಾಣಿಯೊಂದರ ಎಲುಬಿನಿಂದ ನಾಡೊಂದರ ಹಿಂದಿನ ಹವೆಯನ್ನು ಊಹಿಸುವ ಈ ಕ್ರಮವನ್ನು ಅವರು ಮುಂದೆಯೂ ಬಿಡಲಿಲ್ಲ. 1884ರಲ್ಲಿ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗವಿಗಳನ್ನು ಅಗೆಯುವ ಕಾರ್ಯ ಅವರ ಪಾಲಿಗೆ ಬಂತು. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ನಲವತ್ತು ವರ್ಷಗಳ ಹಿಂದೆಯೇ ಆ ಗವಿಗಳನ್ನು ಕುರಿತು ಬರೆದಿದ್ದರು. ಪ್ರಖ್ಯಾತ ಜೀವವಿಜ್ಞಾನಿ ಹಕ್ಸ್‌ಲೀ ಅವರು ಒತ್ತಾಯಿಸಿದ ಮೇಲೆ ಮದ್ರಾಸ್ ಸರ್ಕಾರ ಆ ಕಡೆ ಮತ್ತೆ ಗಮನ ಹರಿಸಿತು. ಅಗೆತದ ಬಹುಭಾಗವನ್ನು ಸೈನ್ಯದಲ್ಲಿದ್ದ ಫೂಟ್ ಅವರ ಮಗನೇ ನೋಡಿಕೊಂಡನು. ಸುಣ್ಣಕಲ್ಲಿನ ಆ ಗವಿಗಳ ಮಣ್ಣಿನಿಂದ ಹೊರಬಂದ ಎಲುಬುಗಳಲ್ಲಿಯೂ ಖಡ್ಗಮೃಗದ ಗುರುತುಗಳಿದ್ದವು.

ಬಳ್ಳಾರಿ ಸೀಮೆಯ ಕೆಲಸ ಮುಖ್ಯವಾಗಿ 1880ರ ದಶಕದ್ದು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮ, ಈ ಸೀಮೆಯ ಊರೂರುಗಳನ್ನೇ ಬರಿದು ಮಾಡಿ ಹೋಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆಯ ಎಲ್ಲೆಗಳನ್ನು ಇಲ್ಲಿ ನೆನಪಿಡಬೇಕು. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾದ ಈ ಜಿಲ್ಲೆಯಿಂದ 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಯಿತು. ಮಡಕಶಿರಾ ತಾಲ್ಲೂಕು ಅದರೊಡನೆ ಹೋಯಿತು. ರಾಯದುರ್ಗ ಮಾತ್ರ ಬಳ್ಳಾರಿಯಲ್ಲಿಯೇ ಉಳಿದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳೊಡನೆ ಆ ಕಡೆಗೆ ಸೇರಿತು. ಹೀಗಾಗಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು 1895ರಲ್ಲಿ ಪ್ರಕಟವಾದ ಫೂಟ್ ಅವರ ಗ್ರಂಥವು ರಾಯದುರ್ಗದ ಗ್ರಂಥವೂ ಹೌದು.

ಸರ್ವೇಕ್ಷಣೆಯ ಅಧಿಕಾರಿಯ ವರ್ಷ ಎರಡು ಭಾಗವಾಗಿ ಹಂಚಿಹೋಗಿರುತ್ತಿತ್ತು. ಮಳೆ ನಿಂತ ಮೇಲೆ ಡೇರೆ, ಎತ್ತಿನ ಗಾಡಿ, ಕುದುರೆ, ಆಳುಗಳೊಡನೆ ಹೊರಟು ಬೇಸಿಗೆಯ ತನಕ ಊರಿಂದೂರಿಗೆ ಅಲೆದಾಟ. ಮಳೆಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕಾಶೆಗೆ ಬಣ್ಣ ತುಂಬುವ, ವರದಿ ಬರೆಯುವ ಕೆಲಸ. ಗುಡ್ಡವನ್ನು ದೂರದಿಂದ ನೋಡಿ ವರದಿ ಬರೆಯಲಾಗದು; ಹತ್ತಿ, ಸುತ್ತಿಗೆಯಿಂದ ಒಡೆದು, ಒಳಮೈಯ ಬಣ್ಣ ನೋಡಬೇಕು. ಇಂದು ಚಾರಣವೆಂದು ನಾವು ಹವ್ಯಾಸಕ್ಕೆ ಮಾಡುವುದನ್ನು ಅವರು ಮೂರು ದಶಕಗಳ ಕಾಲ ಉದ್ಯೋಗವಾಗಿ ಮಾಡಿದರು. ಡೇರೆ ಹೊತ್ತವರು, ದಾರಿ ತೋರಿದ ಕುರುಬರು, ಇಂಥ ಗುಡ್ಡದಲ್ಲಿ ಇಂಥ ಕಲ್ಲಿದೆಯೆಂದು ಸುಳಿವು ಕೊಟ್ಟ ಬೇಡರು ಈ ವೃತ್ತಾಂತದಲ್ಲಿ ನೆರಳುಗಳಾಗಿಯೇ ಉಳಿದಿದ್ದಾರೆ. ಆ ಕಾಲದ ವಿಜ್ಞಾನದ ಕೊರತೆಗಳಲ್ಲಿ ಇದೂ ಒಂದೆಂದು ಹೇಳದೆ ವಿಧಿಯಿಲ್ಲ.

ಈ ಸೀಮೆಯ ನೆಲದ ಬಗ್ಗೆ ಫೂಟ್ ಅವರು ಕಂಡುಕೊಂಡ ಮುಖ್ಯ ಸತ್ಯ ಸರಳವಾದುದು. ರಾಯದುರ್ಗದ ಬಂಡೆಗುಡ್ಡಗಳು, ಮಡಕಶಿರಾದ ಬೆಟ್ಟಗಳು ಅತಿ ಪುರಾತನವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾದವು. ಅವುಗಳ ನಡುವೆ ಅಲ್ಲಲ್ಲಿ ಉದ್ದನೆಯ ಪಟ್ಟಿಗಳಂತೆ ಬೇರೊಂದು ಜಾತಿಯ, ಪದರಪದರವಾದ, ಕಪ್ಪು ಹಸಿರು ಕೆಂಪು ಬಣ್ಣಗಳ ಶಿಲೆಗಳಿವೆ; ಮಡಿಕೆಬಿದ್ದ ಬಟ್ಟೆ ಸಂದಿಯಲ್ಲಿ ಸಿಕ್ಕಿಕೊಂಡಂತೆ ಅವು ಹಳೆಯ ಶಿಲೆಯೊಳಗೆ ಸಿಕ್ಕಿಕೊಂಡಿವೆ. ಧಾರವಾಡದ ಸುತ್ತ ಅವು ಚೆನ್ನಾಗಿ ಕಾಣಸಿಗುವುದರಿಂದ 1886ರಲ್ಲಿ ಈ ಇಡೀ ಶಿಲಾಸಮೂಹಕ್ಕೆ ಅವರು ಧಾರವಾಡದ ಹೆಸರನ್ನೇ ಇಟ್ಟರು. ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳ ಭಾಗಗಳ ಭೂರಚನೆಯನ್ನು ಕುರಿತ ಲೇಖನವೇ ಅದಕ್ಕೆ ಆಧಾರ. ಸಂಡೂರು, ತಾಮ್ರಪರ್ವತ, ಪೆನ್ನಾರ್ ಮತ್ತು ಹಗರಿ ನದಿಗಳ ಹೆಸರು ಹೊತ್ತ ಇನ್ನೊಂದು ಪಟ್ಟಿ ಇವೆಲ್ಲ ಆ ಸಮೂಹಕ್ಕೆ ಸೇರಿದವು. ಕೋಲಾರದ ಚಿನ್ನವೂ ಇಂಥ ಪಟ್ಟಿಯಲ್ಲಿಯೇ ಇದೆ. ದಕ್ಷಿಣದಲ್ಲಿ ಚಿನ್ನ ಹುಡುಕುವವರು ಎಲ್ಲಿ ಹುಡುಕಬೇಕೆಂಬುದಕ್ಕೆ ಹೀಗೆ ಒಂದು ನಕಾಶೆ ಸಿಕ್ಕಿತು. ಒಂದು ಕನ್ನಡದ ಊರಿನ ಹೆಸರು ಲೋಕದ ಭೂವಿಜ್ಞಾನದ ಪರಿಭಾಷೆಯಲ್ಲಿ ನೆಲೆನಿಂತಿರುವುದು ಈ ಮನುಷ್ಯನಿಂದ.

ಆದರೆ ಬಳ್ಳಾರಿ ಸೀಮೆ ಅವರ ಹೆಸರನ್ನು ನೆನೆಯುವುದು ಚಿನ್ನಕ್ಕಾಗಿ ಅಲ್ಲ, ಬೂದಿಗಾಗಿ ಮತ್ತು ಕೊಡಲಿಗಾಗಿ.

ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಲ್ಲಿ ಗ್ರಾನೈಟನ್ನು ಸೀಳಿಕೊಂಡು ಕರಿಕಲ್ಲಿನ ಗೋಡೆಗಳಂಥ ಸಾಲುಗಳು ಹಾದುಹೋಗಿವೆ. ನವಶಿಲಾಯುಗದ ಜನ ಆ ಕರಿಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಒಡೆದು ಬಿಟ್ಟ ಚಕ್ಕೆಗಳು, ಅರ್ಧಕ್ಕೆ ಕೈಬಿಟ್ಟ ಕೊಡಲಿಗಳು, ಉಜ್ಜಿ ನುಣುಪು ಮಾಡಿದ ಬಂಡೆಯ ಮೇಲಿನ ತಗ್ಗುಗಳು ಎಲ್ಲವೂ ಅಲ್ಲಿಯೇ ಬಿದ್ದಿದ್ದವು. ಇದು ಮನೆಗೆ ಬೇಕಾದಷ್ಟು ಮಾಡಿಕೊಳ್ಳುವ ಜಾಗವಲ್ಲ, ದೊಡ್ಡ ಕಾರ್ಖಾನೆಯೇ ಎಂದು ಫೂಟ್ ಅವರು ಗುರುತಿಸಿದರು. ಹಳೆ ಶಿಲಾಯುಗದವರು ಬೆಣಚುಶಿಲೆಯನ್ನು ಅರಸುತ್ತಿದ್ದರು, ನವಶಿಲಾಯುಗದವರು ಕರಿಕಲ್ಲನ್ನು ಅರಸುತ್ತಿದ್ದರು ಎಂಬ ಅವರ ತಿಳಿವು ಭೂವಿಜ್ಞಾನಿಗೆ ಮಾತ್ರ ಹೊಳೆಯಬಹುದಾದದ್ದು. ಎಲ್ಲಿ ಯಾವ ಕಲ್ಲಿದೆಯೆಂದು ಬಲ್ಲವನಿಗೆ ಎಲ್ಲಿ ಯಾವ ಜನ ಇದ್ದಿರಬಹುದೆಂಬುದೂ ತಿಳಿಯುತ್ತದೆ.

ಬೂದಿದಿಬ್ಬಗಳ ಕಥೆ ಇನ್ನೂ ಸ್ವಾರಸ್ಯವಾದುದು. ಬಳ್ಳಾರಿ, ರಾಯಚೂರು, ಅನಂತಪುರ ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಅವು ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವೆಂಬ ಪ್ರತೀತಿ ಇಂದಿಗೂ ಇದೆ. ವಿದ್ವಾಂಸರೂ ಏನೂ ಕಡಿಮೆಯಿರಲಿಲ್ಲ: ಜ್ವಾಲಾಮುಖಿಯ ಬೂದಿ ಎಂದವರಿದ್ದರು, ಕುಲುಮೆಯ ಕಿಟ್ಟವೆಂದವರಿದ್ದರು. ವಿಜಯನಗರ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ರಾಬರ್ಟ್ ಸಿವೆಲ್ ಅವರು ಇವು ಆ ಕಾಲದ ಸಾಮೂಹಿಕ ಸಹಗಮನದ ಕುರುಹುಗಳಿರಬಹುದೆಂದು 1899ರಲ್ಲಿಯೂ ವಾದಿಸಿದರು. ಫೂಟ್ ಅವರ ಉತ್ತರದಲ್ಲಿ ರಾಕ್ಷಸರೂ ಇಲ್ಲ, ರಾಣಿಯರೂ ಇಲ್ಲ, ಇರುವುದು ಸಗಣಿ. ಇದು ದನದ ದೊಡ್ಡಿಗಳಲ್ಲಿ ತಲೆಮಾರುಗಳ ಕಾಲ ಒಟ್ಟಿಕೊಂಡು ಸುಟ್ಟುಹೋದ ಸಗಣಿಯ ಬೂದಿಯೆಂದು ಅವರು ನಿರ್ಧರಿಸಿದರು. ನಲ್ಲಮಲೆಯ ಕಾಡಿನಲ್ಲಿ ಮುಳ್ಳುಬೇಲಿ ಹಾಕಿ ದನಗಳನ್ನು ಕೂಡುವ ಬೇಸಗೆಯ ಬೀಡುಗಳನ್ನು ಅವರು ನೋಡಿದ್ದರು. ಬೂದಿಯ ರಾಸಾಯನಿಕ ಪರೀಕ್ಷೆಯೂ ಅದಕ್ಕೆ ಒತ್ತಾಸೆಯಾಯಿತು. ಅಂದು ಅನೇಕರಿಗೆ ರುಚಿಸದ ಈ ನಿರ್ಣಯವನ್ನು ಸುಮಾರು ಎಪ್ಪತ್ತು ವರ್ಷಗಳ ನಂತರ, 1957ರಲ್ಲಿ, ಉಟ್ನೂರಿನ ದಿಬ್ಬವನ್ನು ಅಗೆದ ಆಲ್‌ಚಿನ್ ಅವರು ಸಮರ್ಥಿಸಿದರು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಅವರಿಗೆ ದೊರೆತವು. ದನ ಕಾಯುವವರ ನಾಡು ಇದು. ಗೋಗ್ರಹಣದ ವೀರಗಲ್ಲುಗಳನ್ನು ಓದುವ ವಿದ್ಯಾರ್ಥಿಗಳು ಆ ತುರುಗಾಳಗದ ಹಿನ್ನೆಲೆಯನ್ನು ಬೂದಿದಿಬ್ಬಗಳ ತನಕ ಹಿಂದಕ್ಕೆ ಒಯ್ಯಬಹುದು.

ಫೂಟ್ ಅವರ ಎಲ್ಲ ಊಹೆಗಳೂ ನಿಲ್ಲಲಿಲ್ಲ. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯವಾಸವೇ ಕಡಿದುಹೋದ ದೀರ್ಘ ಅಂತರವಿತ್ತೆಂದು ಅವರು ಭಾವಿಸಿದ್ದರು. ಮುಂದಿನ ಶೋಧನೆಗಳು ಆ ಅಂತರವನ್ನು ಸೂಕ್ಷ್ಮ ಶಿಲಾಯುಗದ ನೆಲೆಗಳಿಂದ ತುಂಬಿದವು.

ಅವರು 1891ರಲ್ಲಿ ನಿವೃತ್ತರಾದರು. ಆದರೂ ಇಂಗ್ಲೆಂಡಿಗೆ ಮರಳಿ ನೆಲೆಸಲಿಲ್ಲ. ಬರೋಡಾ ಸಂಸ್ಥಾನಕ್ಕಾಗಿ ಭೂಸರ್ವೇಕ್ಷಣೆ ನಡೆಸಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ಇದೇ ಕಾಲದಲ್ಲಿ, 1892ರಲ್ಲಿ, ಬಿ.ಎಲ್. ರೈಸ್ ಅವರು ರಾಯದುರ್ಗಕ್ಕೆ ಅನತಿದೂರದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಒಂದೇ ಬಂಡೆಗಾಡಿನಲ್ಲಿ ಒಬ್ಬರು ಕಲ್ಲಿನ ಮೇಲಿನ ಅಕ್ಷರಗಳನ್ನು ಹುಡುಕುತ್ತಿದ್ದರು, ಇನ್ನೊಬ್ಬರು ಅಕ್ಷರವಿಲ್ಲದ ಕಲ್ಲುಗಳನ್ನು.

ನಾಲ್ಕುನೂರಕ್ಕೂ ಹೆಚ್ಚು ನೆಲೆಗಳಿಂದ ಒಟ್ಟುಗೂಡಿಸಿದ ತಮ್ಮ ಸಂಗ್ರಹವನ್ನು ಅವರು 1904ರಲ್ಲಿ ಮದ್ರಾಸ್ ಸರ್ಕಾರಿ ಸಂಗ್ರಹಾಲಯಕ್ಕೆ ಕೊಟ್ಟರು. ಅದು ದಾನವಲ್ಲ, ಮಾರಾಟ. ಆದರೆ ಅದು ವಿಲಾಯತಿಗೆ ಹೋಗದೆ ಇಲ್ಲಿಯೇ ಉಳಿಯಿತೆಂಬುದು ಸಣ್ಣ ಮಾತಲ್ಲ. ಸೇಲಂ ಸಮೀಪದ ಏರ್ಕಾಡು ಬೆಟ್ಟದ ಮನೆಯಲ್ಲಿ ಕುಳಿತು ಪ್ರತಿಯೊಂದು ಕಲ್ಲಿಗೂ ಊರು, ಜಿಲ್ಲೆ, ಶಿಲೆಯ ಜಾತಿಗಳನ್ನು ಬರೆದ ವಿವರವಾದ ಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಅವರ ಕೊನೆಯ ವರ್ಷಗಳು ಕಳೆದವು. ಅದು ಅಚ್ಚಾಗುವುದನ್ನು ನೋಡುವ ಯೋಗ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ಪಟ್ಟಿ 1914ರಲ್ಲಿಯೂ ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಹೊರಬಂದವು. ಏರ್ಕಾಡಿನ ಚರ್ಚಿನ ಆವರಣದಲ್ಲಿ ಅವರ ಚಿತಾಭಸ್ಮವನ್ನು ಇರಿಸಲಾಗಿದೆ.

ಅವರು ನಡೆದ ನೆಲವನ್ನು ಇಂದು ನೋಡಬಯಸುವವರಿಗೆ ಎರಡು ಬಗೆಯ ದೃಶ್ಯಗಳು ಎದುರಾಗುತ್ತವೆ. ಸಂಡೂರಿನ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಫೂಟ್ ಅವರ ಗ್ರಂಥವೇ ಎತ್ತಿ ಹೇಳಿತ್ತು. ಒಂದು ಶತಮಾನದ ನಂತರ ಆ ಅದಿರಿಗಾಗಿ ನಡೆದ ಅಗೆತ ಗುಡ್ಡಗಳ ಆಕಾರವನ್ನೇ ಬದಲಿಸಿತು. ರಾಯದುರ್ಗದ ಉತ್ತರಕ್ಕಿರುವ ಓಬಳಾಪುರಂನಲ್ಲಿ ಎರಡು ರಾಜ್ಯಗಳ ಗಡಿಗುರುತುಗಳೇ ಗಣಿಗಾರಿಕೆಯಲ್ಲಿ ಅಳಿಸಿಹೋಗಿ, ಸರ್ವೋಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಬೇಕಾಯಿತು. ಸಂಗನಕಲ್ಲಿನ ಹಿರೇಗುಡ್ಡದ ಬಂಡೆಚಿತ್ರಗಳು ಜಲ್ಲಿ ಕ್ವಾರಿಗಳ ಬಾಯಿಗೆ ಬಿದ್ದಿದ್ದವು. ಪಲ್ಲಾವರದ ಜಲ್ಲಿಗುಂಡಿಯಲ್ಲಿ ಆರಂಭವಾದ ಶಾಸ್ತ್ರಕ್ಕೆ ಜಲ್ಲಿಗುಂಡಿಯೇ ಶತ್ರುವಾಯಿತು.

ಇನ್ನೊಂದು ದೃಶ್ಯ ಅಷ್ಟು ನಿರಾಶೆಯದಲ್ಲ. ಬಂಡೆಗುಡ್ಡಗಳ ಸಂದುಗಳಲ್ಲಿ ಕರಡಿಗಳು ಇನ್ನೂ ಇವೆ. ಅವುಗಳಿಗಾಗಿಯೇ 1994ರಲ್ಲಿ ದರೋಜಿಯಲ್ಲಿ ಅಭಯಾರಣ್ಯವಾಯಿತು. ಸಂಜೆ ವೀಕ್ಷಣಾ ಗೋಪುರದ ಮೇಲೆ ನಿಂತರೆ ಗುಂಡುಗಳ ನಡುವಿನಿಂದ ಮರಿಗಳನ್ನು ಬೆನ್ನಮೇಲೆ ಹೊತ್ತು ಇಳಿಯುವ ತಾಯಿಕರಡಿ ಕಾಣಿಸುತ್ತದೆ. ಮಡಕಶಿರಾದ ಗಡಿಗೆ ಹೊಂದಿಕೊಂಡಂತೆ, ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. 2007ರಲ್ಲಿ ಘೋಷಿತವಾದ ಆ ಹುಲ್ಲುಗಾವಲಿನಲ್ಲಿ ಜಿಂಕೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ಆ ಕಡೆಯ ಶೇಂಗಾ ಹೊಲಗಳಿಗೂ ನೆಗೆಯುತ್ತವೆ. ಸಿರುಗುಪ್ಪದ ಎರೆಯ ಬಯಲಿನಲ್ಲಿ ಅಳಿವಿನಂಚಿನ ಹೆಬ್ಬಕ ಹಕ್ಕಿ ಬೆರಳೆಣಿಕೆಯಲ್ಲಿ ಉಳಿದಿದೆ.

ರಾಯದುರ್ಗದ ಬೆಟ್ಟ ಹತ್ತುವವರು ಚಳಿಗಾಲದ ಬೆಳಗನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹತ್ತು ಗಂಟೆಯ ನಂತರ ಬಂಡೆಗಳು ಕಾಯುತ್ತವೆ, ಮೇಲೆ ಕುಡಿಯುವ ನೀರಿಲ್ಲ. ಬೇಡರ ನೆಲೆಯಾಗಿದ್ದ ಈ ಗುಡ್ಡವನ್ನು ವಿಜಯನಗರದ ಕಡೆಯಿಂದ ಬಂದ ಭೂಪತಿರಾಯನು ವಶಪಡಿಸಿಕೊಂಡನೆಂದೂ ಆದ್ದರಿಂದ ಇದಕ್ಕೆ ಭೂಪತಿರಾಯನಕೊಂಡವೆಂಬ ಹೆಸರೂ ಇದೆಯೆಂದೂ ಹೇಳುತ್ತಾರೆ. ಮಡಕಶಿರಾ ತಾಲ್ಲೂಕಿನ ಹೇಮಾವತಿಗೆ, ಅಂದರೆ ನೊಳಂಬರ ರಾಜಧಾನಿಯಾದ ಹೆಂಜೇರಿಗೆ, ಹೋದವರು ಅಲ್ಲಿಯ ಕರಿಕಲ್ಲಿನ ನುಣುಪಾದ ಕಂಬಗಳನ್ನು ಕೈಯಿಂದ ಮುಟ್ಟಿ ನೋಡಬಹುದು. ಹೇಮಾವತಿಯ ಕೆಲವು ಶಿಲ್ಪಗಳು ಇಂದು ಚೆನ್ನೈನ ಎಗ್ಮೋರಿನ ಸಂಗ್ರಹಾಲಯದಲ್ಲಿವೆ. ಫೂಟ್ ಅವರ ಕೊಡಲಿಗಳಿರುವುದೂ ಅದೇ ಆವರಣದಲ್ಲಿ. ಅಷ್ಟು ದೂರ ಹೋಗಲಾಗದವರಿಗೆ ಬಳ್ಳಾರಿಯಲ್ಲಿ ಅವರ ಹೆಸರನ್ನೇ ಹೊತ್ತ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವಿದೆ. ರಾಯದುರ್ಗದಿಂದ ಬೆಳಿಗ್ಗೆ ಹೊರಟರೆ ಅದನ್ನು ನೋಡಿ, ಸಂಗನಕಲ್ಲಿನ ಗುಡ್ಡವನ್ನೂ ಹತ್ತಿ, ಸಂಜೆಗೆ ಮರಳಬಹುದು.